ಮುಟ್ಟಿದವರು ಒಂದು ಗೆರೆ ಬರೆಯಿರಿ

ಕೆಲಸಕ್ಕೆ ಸೇರಿದ ಮೊದಲ ದಿನ ಅಕ್ಕೋರು ನನ್ನ ಕೈಗೆ ಒಂದು ನೋಟುಬುಕ್ಕು ಕೊಟ್ಟರು. ಅದರಲ್ಲಿ ನೂರ ಎಂಬತ್ತಾರು ಹೆಸರುಗಳಿದ್ದವು. ಪ್ರತಿ ಹೆಸರಿನ ಮುಂದೆ ಇಂಗ್ಲಿಷಿನಲ್ಲಿ ಈ-ಮೇಲ್ ವಿಳಾಸ, ಅದರ ಮುಂದೆ ಅವರು ಮೊದಲು ಇದ್ದ ಮನೆಯ ಗುರುತು: ಬಾವಿಯ ಎಡಕ್ಕೆ, ಗಿರಣಿಯ ಹಿಂದೆ, ಎರಡು ಕಟ್ಟೆಯ ಮನೆ. ಹೆಸರು ಇದ್ದವರ ಪತ್ರ ಬಂದರೆ ಒಳಗೆ ಬಿಡಬೇಕು. ಇಲ್ಲದವರದು ಬಂದರೆ ಅಳಿಸಬೇಕು. ಅಳಿಸಿದ್ದು ಕಸದ ಬುಟ್ಟಿಯಲ್ಲಿ ಕೂಡುತ್ತದೆ, ಶನಿವಾರ ಅದನ್ನು ಖಾಲಿ ಮಾಡಬೇಕು.

"ತಿಳೀತೇನು?" ಎಂದು ಕೇಳಿದರು.

"ತಿಳೀತ್ರಿ. ನಮ್ಮಪ್ಪ ಕುರಿ ಕಿವಿ ನೋಡಿ ದಡ್ಡಿ ಒಳಗ ಬಿಡ್ತಾನಲ್ರಿ, ಹಂಗ."

ಅಕ್ಕೋರು ನಕ್ಕರು. "ಹಂಗ ನೋಡು. ನಮ್ಮ ಹಿಂಡಿಂದು ಅಲ್ಲಾ ಅಂದ್ರ ಹೊರಗ ಹಾಕು. ಯಾರದು, ಏನು ಅಂತ ವಿಚಾರ ಮಾಡ್ಕೋತ ಕೂಡಬ್ಯಾಡ. ಹತ್ತರಾಗ ಒಂಬತ್ತು ಲಾಟರಿ ಬಂದದ ಅಂತ ಸುಳ್ಳ ಹೇಳಾವ ಇರ್ತಾವ."

ಅವರ ಹೆಸರು ಭಾಗೀರಥೀಬಾಯಿ. ಬಾಗಲಕೋಟೆಯ ಹೆಣ್ಣುಮಕ್ಕಳ ಸಾಲೆಯಲ್ಲಿ ಮುಖ್ಯೋಪಾಧ್ಯಾಯಿನಿಯಾಗಿ ನಿವೃತ್ತರಾದವರು. ಕಲಿತವರೂ ಕಲಿಯದವರೂ ಅವರನ್ನು ಅಕ್ಕೋರು ಎಂದೇ ಕರೆಯುತ್ತಾರೆ. ನಮ್ಮವ್ವ ಬೋರವ್ವ ಅದೇ ಸಾಲೆಯಲ್ಲಿ ಕಸ ಹೊಡೆಯುತ್ತಿದ್ದಳು. ನಾನು ಎಂಟನೇ ಇಯತ್ತೆ ಮುಗಿಸಿ ಸಾಲೆ ಬಿಟ್ಟೆ. ಆ ವರ್ಷ ಅಪ್ಪ ಕುರಿ ಹೊಡೆದುಕೊಂಡು ಹೋದವನು ಐದು ತಿಂಗಳು ಬರಲಿಲ್ಲ, ಕಮತಗಿಯಲ್ಲಿ ಅಜ್ಜಿ ಹಾಸಿಗೆ ಹಿಡಿದಿದ್ದಳು, ಅವಳ ಹತ್ತಿರ ಒಬ್ಬರು ಇರಬೇಕಿತ್ತು. ಅಜ್ಜಿ ಹೋದ ಮೇಲೆ ಸಾಲೆಗೆ ತಿರುಗಿ ಹೋಗುವ ವಯಸ್ಸು ದಾಟಿತ್ತು. ಬಾಗಲಕೋಟೆಯ ಹೊಸ ಊರು ನವನಗರಕ್ಕೆ ಅವ್ವನ ಹತ್ತಿರ ಬಂದೆ. ಸಕ್ಕರೆ ಕಾಯಿಲೆಯಿಂದ ಅಕ್ಕೋರ ಕಣ್ಣು ಮಸುಕಾಗಿತ್ತು. ಮನುಷ್ಯರ ಆಕಾರ ಕಾಣುತ್ತಿತ್ತು, ಅಕ್ಷರ ಕಾಣುತ್ತಿರಲಿಲ್ಲ. ಓದಿ ಹೇಳಲು ಯಾರಾದರೂ ಬೇಕು ಎಂದು ಅವ್ವನನ್ನು ಕೇಳಿದರಂತೆ.

ನೋಟುಬುಕ್ಕಿನ ಮಂದಿಯೆಲ್ಲ ಮೊದಲು ಇದ್ದ ಬಾವಿಕಟ್ಟಿ ಓಣಿ ಈಗ ಇಲ್ಲ. ಆಲಮಟ್ಟಿ ಅಣೆಕಟ್ಟಿನ ಹಿನ್ನೀರು ಹಳೆ ಊರಿಗೆ ಬಂದಾಗ ಅದೂ ಹೋಯಿತು. ಮಂದಿ ನವನಗರದ ಬೇರೆ ಬೇರೆ ಸೆಕ್ಟರಿಗೆ, ಬಾದಾಮಿಗೆ, ಹುನಗುಂದಕ್ಕೆ, ಇಳಕಲ್ಲಿಗೆ, ಸೊಲ್ಲಾಪುರಕ್ಕೆ ಚದುರಿದರು. ಅಕ್ಕೋರ ತಮ್ಮ ಮಿಲಿಂದ ಆಗ ನವನಗರದಲ್ಲಿ ಎರಡು ಕಂಪ್ಯೂಟರ್ ಇಟ್ಟುಕೊಂಡು ಇಂಟರ್‌ನೆಟ್ ಅಂಗಡಿ ನಡೆಸುತ್ತಿದ್ದ. ಎರಡು ಸಾವಿರದ ಇಸವಿಯಲ್ಲಿ ಅವನು ಓಣಿಯ ಹೆಸರಿನಲ್ಲಿ ಒಂದು ಮೇಲಿಂಗ್ ಲಿಸ್ಟ್ ಮಾಡಿದ. ಯಾರೇ ಆಗಲಿ ಆ ಒಂದು ವಿಳಾಸಕ್ಕೆ ಪತ್ರ ಬರೆದರೆ ಸಾಕು, ಅದು ಓಣಿಯ ಎಲ್ಲರ ಪೆಟ್ಟಿಗೆಗೂ ಹೋಗುತ್ತಿತ್ತು. ಹುಟ್ಟಿದ್ದು, ಸತ್ತದ್ದು, ಯಾರಿಗೆ ಯಾವ ಸೆಕ್ಟರಿನಲ್ಲಿ ಜಾಗ ಸಿಕ್ಕಿತು, ಬಾವಿಯ ಹಾಸುಗಲ್ಲನ್ನು ಯಾರು ಹೊತ್ತುಕೊಂಡು ಹೋದರು ಎಂಬ ಜಗಳ, ಎಲ್ಲ ಅಲ್ಲೇ. ಮೊದಲ ವರ್ಷ ದಿನಕ್ಕೆ ನಲವತ್ತು ಪತ್ರ ಬರುತ್ತಿದ್ದವಂತೆ. ನಾನು ಕೆಲಸಕ್ಕೆ ಸೇರಿದಾಗ ತಿಂಗಳಿಗೆ ಎರಡು ಬಂದರೆ ಹೆಚ್ಚು. ಎಲ್ಲರೂ ವಾಟ್ಸಾಪಿಗೆ ಹೋಗಿದ್ದರು.

ಮಿಲಿಂದ ಕಲಾದಗಿಯ ದಾರಿಯಲ್ಲಿ ಮೋಟರ್ ಸೈಕಲ್ ಮೇಲೆ ಬರುವಾಗ ಸತ್ತು ಹದಿಮೂರು ವರ್ಷವಾಗಿತ್ತು. ಮದುವೆಯಾಗಿರಲಿಲ್ಲ, ಲಿಸ್ಟ್ ನೋಡಿಕೊಳ್ಳುವುದು ಅಕ್ಕೋರ ಪಾಲಿಗೆ ಬಂದಿತ್ತು. ಅವನ ಎರಡು ಫೋಟೋ ಇದ್ದವು, ಎರಡೂ ಅಕ್ಕೋರಿಗೆ ಕಾಣುತ್ತಿರಲಿಲ್ಲ. ಉಳಿದದ್ದು ಅವನು ಲಿಸ್ಟಿಗೆ ಬರೆದ ಮುನ್ನೂರ ಹನ್ನೆರಡು ಪತ್ರ. ಅವೆಲ್ಲ ಲಿಸ್ಟ್ ನಡೆಸುವ ಕಂಪನಿಯ ಪುಟದಲ್ಲಿ ಸಾಲಾಗಿ ಕೂತಿದ್ದವು. ನನ್ನ ಖರೆ ಕೆಲಸ ಅವನ್ನು ಓದುವುದು.

ಮಧ್ಯಾಹ್ನ ಊಟವಾಗಿ ಎರಡೂವರೆಗೆ ಅಕ್ಕೋರು ಬೆತ್ತದ ಕುರ್ಚಿಯಲ್ಲಿ ಕೂಡುತ್ತಿದ್ದರು. ದಿನಕ್ಕೆ ಒಂದೇ ಪತ್ರ, ಬಂದ ಕ್ರಮದಲ್ಲಿ. ಎಲ್ಲ ಮುಗಿದರೆ ಮತ್ತೆ ಒಂದರಿಂದ. ಆಗ ಕಂಪ್ಯೂಟರಿನಲ್ಲಿ ಕನ್ನಡ ಅಕ್ಷರ ಸರಿಯಾಗಿ ಬರುತ್ತಿರಲಿಲ್ಲವಂತೆ, ಅದಕ್ಕೇ ಮಿಲಿಂದ ಕನ್ನಡವನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆಯುತ್ತಿದ್ದ. ನಾನು ಒಂದೊಂದೇ ಅಕ್ಷರ ಕೂಡಿಸಿ ಓದಿದರೆ ಬಾಯಿಂದ ಕನ್ನಡ ಬರುತ್ತಿತ್ತು. ನಿಜವಾದ ಇಂಗ್ಲಿಷನ್ನು ಹಾಗೆ ಓದಿದರೆ ಬರೀ ಸಪ್ಪಳ ಬರುತ್ತಿತ್ತು. ಅದನ್ನು ಅಕ್ಕೋರಿಗೆ ನಾನು ಹೇಳಿರಲಿಲ್ಲ. ಅವರು ಕೇಳಿರಲಿಲ್ಲ.

ಒಂದು ಪತ್ರ ಹೀಗಿತ್ತು: "ಇವತ್ತ ದೀಪಕನ ಗಾಡಿ ಮ್ಯಾಲೆ ತುಳಸಿಗೇರಿಗೆ ಹೋಗಿದ್ದೆ. ಹನುಮಪ್ಪನ ಗುಡಿ ಮುಂದ ನಮ್ಮ ಓಣಿ ಮಂದಿ ಒಂಬತ್ತು ಜನ ಭೆಟ್ಟಿ ಆದ್ರು. ಎಲ್ಲಾರೂ ಕೇಳಿದ್ದು ಒಂದ ಮಾತು, ನಿಮ್ಮ ಸೆಕ್ಟರಿನ್ಯಾಗ ನೀರು ಯಾವಾಗ ಬಿಡ್ತಾರ ಅಂತ. ನೀರು ಬಂತು ಅಂತ ಊರು ಬಿಟ್ಟ ಮಂದಿ, ಈಗ ನೀರು ಬರವಲ್ದು ಅಂತ ಅಳ್ತಾರ."

ಅಕ್ಕೋರು ಪ್ರತಿ ಸಲವೂ ಅದೇ ಜಾಗದಲ್ಲಿ ನಗುತ್ತಿದ್ದರು. "ಬೇಕೂಫ ಇದ್ದ" ಎನ್ನುತ್ತಿದ್ದರು. ಆಮೇಲೆ "ನಡಿ, ಚಹಾ ಇಡು" ಎನ್ನುತ್ತಿದ್ದರು. ಅವರಿಗೆ ಎಲ್ಲ ಪತ್ರದ ನಂಬರು ಗೊತ್ತಿತ್ತು. ನಾಳೆ ಯಾವುದು ಬರುತ್ತದೆ ಎಂದು ಇವತ್ತೇ ಹೇಳುತ್ತಿದ್ದರು.

ಜನವರಿಯ ಒಂದು ಮಧ್ಯಾಹ್ನ ಪುಟ ತೆಗೆದೆ. ಸಾಲುಗಳಿರಲಿಲ್ಲ. ಬಿಳಿ ಪುಟ, ನಡುವೆ ಕಂಪನಿಯ ಚಿತ್ರ, ಕೆಳಗೆ ಇಂಗ್ಲಿಷಿನಲ್ಲಿ ನಾಲ್ಕು ಗೆರೆ.

"ಇವತ್ತ ನೂರಾ ನಲವತ್ತೇಳು" ಎಂದರು ಅಕ್ಕೋರು. "ಬಾವಿದು."

ಬಾವಿಯ ಪತ್ರ ದೊಡ್ಡದು. ನೀರು ಬರುವ ಹಿಂದಿನ ದಿನ ಮಿಲಿಂದ ಹಗ್ಗ ಕಟ್ಟಿಕೊಂಡು ಬಾವಿಗೆ ಇಳಿದು ತಳದಲ್ಲಿ ಏನೇನು ಸಿಕ್ಕಿತು ಎಂದು ಆಮೇಲೆ ನೆನೆದು ಬರೆದದ್ದು. ಯಾರ ಮನೆಯ ತಂಬಿಗೆ, ಯಾರ ಮಗುವಿನ ಗಿಲಕಿ. ಅದು ಬರುವುದನ್ನು ಅವರು ಒಂದು ವಾರದಿಂದ ಕಾಯುತ್ತಿದ್ದರು. ಸೀರೆಯ ಸೆರಗು ಸರಿಮಾಡಿಕೊಂಡು ಕೂತಿದ್ದರು.

"ನೆಟ್ ಇಲ್ರಿ ಅಕ್ಕೋರ" ಎಂದೆ.

"ಹೌದೇನು? ಹೋಗ್ಲಿ ಬಿಡು. ನಾಳೆ."

ಆ ನಾಲ್ಕು ಗೆರೆಯನ್ನು ಅಕ್ಷರ ಅಕ್ಷರವಾಗಿ ಒಂದು ಚೀಟಿಯಲ್ಲಿ ಬರೆದುಕೊಂಡೆ. ಸಂಜೆ ಮನೆಗೆ ಹೋಗುವ ದಾರಿಯಲ್ಲಿ ತಾಯವ್ವನ ಝೆರಾಕ್ಸ್ ಅಂಗಡಿ ಇದೆ. ಅವಳು ಬಿ.ಎ. ಮಾಡಿದವಳು. ಚೀಟಿ ತೋರಿಸಿದೆ.

"ಇದು ಬಂದ್ ಆಗೇತಂತ. ಹಳೇದೆಲ್ಲಾ ತಗದ ಹಾಕೇವಿ ಅಂತ ಬರದಾರ" ಎಂದಳು. "ಬೇಕಾದ್ದನ್ನ ಡೌನ್‌ಲೋಡ್ ಮಾಡ್ಕೊಳ್ಳಾಕ ಮದಲ ತಿಳಿಸಿದ್ವಿ ಅಂತನೂ ಬರದಾರ ನೋಡು. ಪತ್ರ ಬಂದಿರಬೇಕಲ್ಲಲೇ ನಿಮಗ?"

"ಬಂದಿಲ್ಲ" ಎಂದೆ.

ಮನೆ ಮುಟ್ಟುವುದರೊಳಗೆ ನೆನಪಾಯಿತು. ದೀಪಾವಳಿಯ ಮುಂದೆ ಒಂದು ಬಂದಿತ್ತು. ಅದಾಗಿ ಮೂರು ವಾರಕ್ಕೆ ಒಂದು. ಡಿಸೆಂಬರಿನಲ್ಲಿ ಒಂದು. ಮೂರರ ತಲೆಯ ಮೇಲೂ ಅದೇ ಚಿತ್ರವಿತ್ತು. ನಾನು ನೋಟುಬುಕ್ಕು ತೆಗೆದು ಹೆಸರು ಹುಡುಕಿದ್ದೆ. ಇರಲಿಲ್ಲ. ಮೂರನ್ನೂ ಅಳಿಸಿದ್ದೆ. ಶನಿವಾರ ಬುಟ್ಟಿ ಖಾಲಿ ಮಾಡಿದ್ದೆ. ಒಂದು ಶನಿವಾರವೂ ತಪ್ಪಿಸಿರಲಿಲ್ಲ.

ಅಳು ಬರಲಿಲ್ಲ. ಅವ್ವ ರೊಟ್ಟಿ ಬಡಿಯುತ್ತಿದ್ದಳು, ನಾನು ಪಕ್ಕದಲ್ಲಿ ಕೂತು ಒಲೆಯ ಕಟ್ಟಿಗೆ ಮುಂದೆ ದೂಡಿದೆ. ಬೆರಳಿಗೆ ಬಿಸಿ ತಾಗಿದ್ದು ತಡವಾಗಿ ಗೊತ್ತಾಯಿತು.

ಮರುದಿನವೂ ನೆಟ್ ಇಲ್ಲ ಎಂದೆ. ಅದರ ಮರುದಿನವೂ. ಅಕ್ಕೋರು ಎರಡೂವರೆಗೆ ಕುರ್ಚಿಗೆ ಬಂದು ಕೂಡುವುದನ್ನು ಬಿಡಲಿಲ್ಲ. "ಬಂತೇನು?" ಎನ್ನುತ್ತಿದ್ದರು. "ಇಲ್ರಿ" ಎನ್ನುತ್ತಿದ್ದೆ. "ಆ ಟೆಲಿಫೋನಿನವರಿಗೆ ಹೇಳಿದೇನು?" "ಹೇಳೇನ್ರಿ." ಕಂಪ್ಯೂಟರಿನ ಹಿಂದಿನ ತಂತಿಯನ್ನು ಒಮ್ಮೆ ಎಳೆದು ಹಾಕಿ ಸಪ್ಪಳ ಮಾಡುತ್ತಿದ್ದೆ. ಐದನೆಯ ದಿನ ಅವರು, "ಬಾವಿದು ಓದೂತನ ಇರ್ತೇನೋ ಇಲ್ಲೋ" ಎಂದು ನಕ್ಕರು. ಚೇಷ್ಟೆಗೆ ಅಂದದ್ದು. ನಾನು ನಗಲಿಲ್ಲ.

ಆಗ ಒಂದು ವಿಚಾರ ಬಂತು. ಮಿಲಿಂದ ಬರೆದದ್ದು ಎಲ್ಲರ ಪೆಟ್ಟಿಗೆಗೂ ಹೋಗಿತ್ತಲ್ಲ. ನೂರ ಎಂಬತ್ತಾರು ಕಡೆ. ಕಂಪನಿ ತನ್ನಲ್ಲಿರುವುದನ್ನು ಅಳಿಸಬಹುದು, ಇವರ ಪೆಟ್ಟಿಗೆಯಲ್ಲಿ ಇರುವುದನ್ನು ಅಳಿಸಲು ಬರುವುದಿಲ್ಲ. ಒಬ್ಬರಾದರೂ ಇಟ್ಟುಕೊಂಡಿರುತ್ತಾರೆ.

ನೋಟುಬುಕ್ಕಿನಲ್ಲಿ ಫೋನ್ ನಂಬರು ಇದ್ದದ್ದು ಕೆಲವರದೇ. ಬಾದಾಮಿಯ ದೀಪಕ ಅವರದು ಇತ್ತು, ಆದರೆ ಆ ನಂಬರು ಈಗ ಬೇರೆ ಯಾರದೋ. ಎರಡು ಕಟ್ಟೆಯ ಮನೆಯವರು, ಈಗ ಬಾದಾಮಿಯ ಬಸ್ ಸ್ಟ್ಯಾಂಡಿನ ಹತ್ತಿರ ಒಂದು ಲಾಡ್ಜಿನ ಮ್ಯಾನೇಜರು ಎಂದು ಅಕ್ಕೋರು ಯಾವಾಗಲೋ ಹೇಳಿದ್ದು ನೆನಪಿತ್ತು. ಅವ್ವನಿಗೆ ಬನಶಂಕರಿಗೆ ಹೋಗುತ್ತೇನೆ ಎಂದು ಹೇಳಿ ಭಾನುವಾರ ಬಸ್ಸು ಹತ್ತಿದೆ.

ಮೂರನೆಯ ಲಾಡ್ಜಿನಲ್ಲಿ ಸಿಕ್ಕರು. ತಲೆ ಪೂರ್ತಿ ಬೆಳ್ಳಗಾಗಿತ್ತು. ಕೌಂಟರಿನ ಹಿಂದೆ ಕೂತು ರಿಜಿಸ್ಟರಿನಲ್ಲಿ ಏನೋ ಗೆರೆ ಹೊಡೆಯುತ್ತಿದ್ದರು.

"ಖೋಲಿ ಬೇಕಂದ್ರ ಆಧಾರ್ ಕಾರ್ಡ್ ತೋರಿಸ್ಬೇಕು ತಂಗಿ."

"ಖೋಲಿ ಬ್ಯಾಡ್ರಿ. ಮಿಲಿಂದ ಅವರ ಪತ್ರ ಬೇಕಿತ್ರಿ."

ಪೆನ್ನು ಕೆಳಗಿಟ್ಟರು. "ಯಾವ ಮಿಲಿಂದ?"

"ಬಾವಿಕಟ್ಟಿ ಓಣಿದ್ರಿ."

ಎಲ್ಲ ಹೇಳಿದೆ. ನನ್ನ ತಪ್ಪನ್ನೂ ಹೇಳಿದೆ. ಗುರುತಿಲ್ಲದವರಿಗೆ ಹೇಳುವುದು ಸುಲಭವಿತ್ತು. ಅವರು ನಡುನಡುವೆ ತಲೆ ಅಲ್ಲಾಡಿಸಿದರು, ಮುಗಿದ ಮೇಲೆ ನಕ್ಕರು.

"ದಿನಕ್ಕ ನಲವತ್ತು ಬರ್ತಿದ್ವು ತಂಗಿ. ನನ್ನ ಪೆಟ್ಟಿಗಿ ತುಂಬಿ ಹೊರಗ ಚೆಲ್ತಿತ್ತು. ಗೋದಕ್ಕ ಉಪ್ಪಿನಕಾಯಿ ಹಾಕಿದ್ರ ಅದೊಂದು ಪತ್ರ, ಛಲೋ ಆಗ್ಯಾದೇನು ಅಂತ ಕೇಳಾಕ ಹತ್ತು ಪತ್ರ. ಲೇ ಮಿಲ್ಯಾ, ಇಡೀ ದಿನದ್ದು ಒಂದ ಗಂಟು ಕಟ್ಟಿ ಕಳಸೋ ಮಾರಾಯಾ ಅಂದೆ. ಕಳಿಸಿದ. ಆ ಗಂಟೂ ಬಿಚ್ಚಲಿಲ್ಲ. ಕಡೀಕ, ನನಗ ಕಳಿಸಲೇ ಬ್ಯಾಡ, ಬೇಕಾದಾಗ ನಾನ ಅಲ್ಲಿ ಹೋಗಿ ಓದ್ತೇನಿ ಅಂತ ಮಾಡ್ಕೊಂಡೆ."

"ಹೋಗಿ ಓದಿದ್ರೇನ್ರಿ?"

"ಎಲ್ಲಿಂದ? ಅದು ಅಲ್ಲೇ ಇರ್ತದಲ್ಲ, ಎಲ್ಲಿಗೆ ಹೋಗ್ತದ ಅಂತ ಸುಮ್ಮನಾದೆ. ಎಲ್ಲಾರೂ ಹಂಗ ಮಾಡಿದ್ರು."

ಆದರೂ ಮೊದಲಿನ ಎರಡು ವರ್ಷದ್ದು ಪೆಟ್ಟಿಗೆಯಲ್ಲಿ ಇರಬೇಕು ಎಂದು ಲಾಡ್ಜಿನ ಕಂಪ್ಯೂಟರಿನಲ್ಲಿ ತೆಗೆದು ನೋಡಿದರು. ಪಾಸ್‌ವರ್ಡ್ ನೆನಪಿರಲಿಲ್ಲ. ಹೆಂಡತಿಯ ಹೆಸರು ಹಾಕಿದರು, ತಮ್ಮ ಹಳೆ ಗಾಡಿಯ ನಂಬರು ಹಾಕಿದರು, ಹನುಮಪ್ಪನ ಹೆಸರು ಹಾಕಿದರು. ಆಮೇಲೆ ಅಲ್ಲಿ ಬರೆದಿದ್ದನ್ನು ಕನ್ನಡಕ ಏರಿಸಿ ಓದಿದರು. ಆ ಪೆಟ್ಟಿಗೆಯೇ ಇಲ್ಲವಂತೆ. ವರ್ಷಗಟ್ಟಲೆ ಯಾರೂ ತೆಗೆಯಲಿಲ್ಲ ಎಂದು ಕಂಪನಿಯವರೇ ಮುಚ್ಚಿದ್ದರು.

ಫೋನು ತೆಗೆದು ಓಣಿಯ ವಾಟ್ಸಾಪ್ ಗುಂಪಿನಲ್ಲಿ ಕೇಳಿದರು. ನೂರ ಹನ್ನೆರಡು ಮಂದಿ ಇದ್ದರು. ನಾವು ಚಹಾ ಕುಡಿಯುತ್ತ ಕಾಯ್ದೆವು. ಮೊದಲು ಒಂದು ಕೈಮುಗಿದ ಚಿತ್ರ ಬಂತು. ಆಮೇಲೆ ಒಂದು ಗುಲಾಬಿ. ಆಮೇಲೆ ಮೊಣಕಾಲು ನೋವಿಗೆ ಬಳ್ಳೊಳ್ಳಿ ಹೇಗೆ ಹಚ್ಚಬೇಕು ಎಂದು ಒಂದು ವಿಡಿಯೋ. ಅಷ್ಟಾದ ಮೇಲೆ ಯಾರೋ ಬರೆದರು: ಬಾಬುಸಾಬನ ಕೇಳ್ರಿ, ಇಳಕಲ್ಲಿನ್ಯಾಗ ಅವ ಎಲ್ಲಾ ಪ್ರಿಂಟ್ ತಗೀತಿದ್ದ.

"ಖರೆ ನೋಡು!" ಎಂದರು ದೀಪಕ. "ಅವನ ಹತ್ರ ರಾಶಿ ಇತ್ತು." ನಾನು ಎದ್ದೆ. ಅವರು ಬಾಗಿಲ ತನಕ ಬಂದರು. "ಸಿಗಲಿಲ್ಲಾ ಅಂದ್ರ ಅಕ್ಕಾಗ ಹೇಳಲೇಬ್ಯಾಡ. ಹೆಂಗೂ ಕಾಣಂಗಿಲ್ಲ. ಏನರೆ ಓದಿಧಂಗ ಮಾಡು. ಬಾ, ಮಿಲ್ಯಾ ಮಾತಾಡಿಧಂಗ ನಾಲ್ಕು ಪತ್ರ ನಾ ಹೇಳಿಕೊಡ್ತೇನಿ."

ಬಸ್ಸಿನಲ್ಲಿ ಅದನ್ನೇ ಯೋಚಿಸಿದೆ. ಆಗದ ಮಾತು. ಅಕ್ಕೋರು ಮೂವತ್ತೈದು ವರ್ಷ ಪಕ್ಕದವರನ್ನು ನೋಡಿ ಬರೆದ ಉತ್ತರಗಳನ್ನು ಹಿಡಿದವರು.

ಮುಂದಿನ ಭಾನುವಾರ ಇಳಕಲ್ಲಿಗೆ ಹೋದೆ. ಬಸ್ಸು ಕಮತಗಿಯಲ್ಲಿ ನಿಂತಿತು. ನಮ್ಮ ಕಡೆಯವರು ಇಬ್ಬರು ಹತ್ತಿದರು, ನಾನು ಸೆರಗು ಮುಂದೆ ಎಳೆದುಕೊಂಡು ಕಿಟಕಿಯ ಕಡೆ ತಿರುಗಿದೆ. ಎಲ್ಲಿಗೆ ಎಂದು ಕೇಳಿದರೆ ಹೇಳಲು ಏನೂ ಇರಲಿಲ್ಲ. ಹುನಗುಂದದಲ್ಲಿ ಡ್ರೈವರ್ ಚಹಾಕ್ಕೆ ಇಳಿದ. ಮುಂದಿನ ಸೀಟಿನ ಹೆಂಗಸು ಬುತ್ತಿ ಬಿಚ್ಚಿ ನನಗೂ ಅರ್ಧ ರೊಟ್ಟಿ, ಶೇಂಗಾ ಚಟ್ನಿ ಕೊಟ್ಟಳು. ತಿಂದೆ. ರುಚಿ ಗೊತ್ತಾಗಲಿಲ್ಲ. ಖಾರ ಇತ್ತು ಎಂದು ಆಮೇಲೆ ತುಟಿ ಉರಿದಾಗ ತಿಳಿಯಿತು.

ಬಾಬುಸಾಬ ಅವರದು ಈಗ ಸೀರೆ ಅಂಗಡಿ. ಮೊದಲು ಅಲ್ಲೇ ಕಂಪ್ಯೂಟರ್ ಇತ್ತಂತೆ. ಗೋಡೆಯ ಮೇಲೆ ಅದರ ತಂತಿ ಹಾದು ಹೋದ ಗುರುತು ಹಾಗೇ ಇತ್ತು. ಅವರ ಹೆಂಡತಿ ಲಾಡಬಿ ಗಾದಿಯ ಮೇಲೆ ಕೂತು ಸೀರೆ ಮಡಚುತ್ತಿದ್ದರು. ನಾನು ಅಕ್ಕೋರ ಹೆಸರು ಹೇಳಿದೆ.

"ಅಕ್ಕನ ಮನಿಯಿಂದ ಬಂದೇನವ್ವಾ? ಕೂಡು, ಕೂಡು" ಎಂದರು ಬಾಬುಸಾಬ. "ಏ, ನೀರ ಕೊಡ. ನಾವು ಗಿರಣಿ ಹಿಂದಿನವ್ರು."

"ಗೊತ್ತೈತ್ರಿ. ಬುಕ್ಕಿನ್ಯಾಗ ಹಂಗ ಬರದಾರ."

ಅವರಿಗೆ ಅದು ಬಹಳ ಹಿಡಿಸಿತು. ಹೆಂಡತಿಯ ಕಡೆ ತಿರುಗಿ, "ನೋಡು, ಇನ್ನಾ ಬುಕ್ಕಿನ್ಯಾಗ ಅದೀವಿ" ಎಂದರು. ಪ್ರತಿ ಶುಕ್ರವಾರ ನಮಾಜ್ ಮುಗಿಸಿ ಬಂದು ವಾರದ ಪತ್ರಗಳನ್ನೆಲ್ಲ ಪ್ರಿಂಟ್ ತೆಗೆಯುತ್ತಿದ್ದರಂತೆ. ಓಣಿಯಿಂದ ಇಳಕಲ್ಲಿಗೆ ಬಂದ ಹಳಬರು, ಕಂಪ್ಯೂಟರ್ ಗೊತ್ತಿಲ್ಲದವರು, ಹದಿನೈದು ಮಂದಿ ಈ ಕಟ್ಟೆಯ ಮೇಲೆ ಕೂಡುತ್ತಿದ್ದರು. ಇವರು ನಿಂತು ಓದುತ್ತಿದ್ದರು. ಯಾರ ಮನೆಯಲ್ಲಿ ಏನಾಯಿತು ಎಂದು ಕೇಳಿ, ಬೈದು, ಅತ್ತು, ಎದ್ದು ಹೋಗುತ್ತಿದ್ದರು. ಬರುಬರುತ್ತ ಹನ್ನೆರಡಾದರು, ಏಳಾದರು. ಇಬ್ಬರಿಗೆ ಮೊಮ್ಮಕ್ಕಳು ಫೋನು ಕೊಡಿಸಿದರು. ಉಳಿದವರು ತೀರಿಕೊಂಡರು. ಕೊನೆಯ ಶುಕ್ರವಾರ ಒಬ್ಬರೇ ಬಂದಿದ್ದರಂತೆ, ಅವರಿಗೂ ಕಿವಿ ಕೇಳುತ್ತಿರಲಿಲ್ಲ.

"ಆ ಪ್ರಿಂಟು ಅದಾವೇನ್ರಿ?"

ಬಾಬುಸಾಬ ಹೆಂಡತಿಯನ್ನು ನೋಡಿದರು. ಲಾಡಬಿ ಮಡಚುತ್ತಿದ್ದ ಸೀರೆಯನ್ನು ನೋಡಿದರು.

"ರದ್ದಿಗಿ ಹಾಕ್ತೇನಿ ಅಂದ್ರ ಇವ್ರು ಬಿಡಲಿಲ್ಲವ್ವಾ" ಎಂದರು ಲಾಡಬಿ. "ಇಡಾಕ ಜಾಗಾ ಇಲ್ಲ. ಹುಳಾ ಹತ್ತಾಕ ಹತ್ತಿತ್ತು. ಹಾಳಿ ಗಟ್ಟಿ ಇದ್ವು. ಸೀರಿ ಒಳಗ ಇಟ್ಟು ಮಡಚಿದ್ರ ಮಡಿಕಿ ನೆಟ್ಟಗ ನಿಲ್ಲತಿತ್ತು."

"ನಮ್ಮ ಓಣಿ ಇಡೀ ಜಿಲ್ಲಾಕ್ಕ ಹಂಚಿದಳು ಈಕಿ" ಎಂದರು ಬಾಬುಸಾಬ.

"ನೀವರ ಒಂದ ದಿನ ಆ ಗಂಟು ಬಿಚ್ಚಿ ನೋಡಿದ್ರೇನು? ಈಗ ಮಾತ ಬರ್ತಾವು."

ಹಳೆ ಮಾಲು ಸ್ವಲ್ಪ ಮೇಲಿನ ಹಲಗೆಯ ಮೇಲಿತ್ತು. ಬಣ್ಣ ಯಾರೂ ಒಪ್ಪದ ಸೀರೆಗಳು. ಬಾಬುಸಾಬ ಸ್ಟೂಲು ಹತ್ತಿ ಕೊಟ್ಟರು, ನಾನು ಇಳಿಸಿಕೊಂಡೆ, ಲಾಡಬಿ ಬಿಚ್ಚಿದರು. ಅರವತ್ತರ ಮೇಲೆ ಸೀರೆ ಬಿಚ್ಚಿದೆವು. ಗಾದಿಯ ತುಂಬ ಕೆಂಪು, ಕಡುನೀಲಿ, ಬಿಳಿ ತೆನೆಯ ಸೆರಗುಗಳು ಬಿದ್ದವು. ಹೆಚ್ಚಿನವುಗಳಲ್ಲಿ ಹೊಸ ರಟ್ಟು ಇತ್ತು. ಗಿರಾಕಿಯೊಬ್ಬಳು ಬಂದು, ಇಷ್ಟು ರಾಶಿ ತೆಗೆಸಿಕೊಂಡು ಕೂತ ನನ್ನನ್ನು ನೋಡಿ, "ಯಾರ ಲಗ್ನವಾ?" ಎಂದು ಕೇಳಿದಳು. ಲಾಡಬಿಯೇ, "ಲಗ್ನ ಅಲ್ಲವ್ವಾ, ಬ್ಯಾರೆ ಕೆಲಸ" ಎಂದರು.

ಹನ್ನೊಂದು ಹಾಳೆ ಸಿಕ್ಕವು. ಒಂದೊಂದನ್ನೇ ಬಿಡಿಸಿ ಮೇಲಿನ ಹೆಸರು ನೋಡಿದೆ. ಗೋದಕ್ಕನ ಉಪ್ಪಿನಕಾಯಿ. ಯಾರದೋ ಮುಂಜಿಯ ಆಮಂತ್ರಣ. ಹಾಸುಗಲ್ಲಿನ ಜಗಳ, ಅರ್ಧ. ಹತ್ತು ಹಾಳೆ ಬೇರೆಯವರದು. ಒಂದು ಮಿಲಿಂದನದು.

ಅದು ಬಾವಿಯದಲ್ಲ. ಮಿಲಿಂದನ ಪತ್ರಗಳ ಸಾಲಿನಲ್ಲಿ ಹನ್ನೊಂದನೆಯದು, ನಾನು ಎರಡು ಸಲ ಓದಿದ್ದು. ಮುನ್ನೂರ ಹನ್ನೆರಡರಲ್ಲಿ ಏನೂ ಇಲ್ಲದ ಪತ್ರ ಯಾವುದು ಎಂದು ಯಾರಾದರೂ ಕೇಳಿದ್ದರೆ ಅದನ್ನೇ ಹೇಳುತ್ತಿದ್ದೆ:

"ಎಲ್ಲಾರಿಗೂ. ನಮ್ಮ ಲಿಸ್ಟ್ ಇದ್ದ ಸಣ್ಣ ಕಂಪನಿನ್ನ ಒಂದು ದೊಡ್ಡ ಕಂಪನಿ ತಗೊಂಡದ. ವಿಳಾಸ ಬದಲಾಗ್ಯದ, ಮಂದಿ ನಾವ ಇದ್ದೀವಿ. ಇದು ಬರೇ ಪರೀಕ್ಷಾ. ಯಾರಿಗೆ ಮುಟ್ಟಿತು, ಯಾರಿಗಿಲ್ಲ, ನನಗ ಇಲ್ಲಿಂದ ಕಾಣಂಗಿಲ್ಲ. ಮುಟ್ಟಿದವರು ಒಂದು ಗೆರೆ ಬರೆಯಿರಿ. ಅಕ್ಕಾ, ನೀನೂ ಬರಿ. ಅಡಿಗಿಮನಿಯಿಂದ ಒದರಿದ್ರ ನಡಿಯಂಗಿಲ್ಲ."

ಎರಡು ಸಲ ಓದಿದಾಗಲೂ ಅಕ್ಕೋರು ನಕ್ಕಿರಲಿಲ್ಲ. "ಇದೇನು ಪತ್ರ ಅಲ್ಲ, ಮುಂದಿಂದು ಓದು" ಎಂದಿದ್ದರು. ಒಂದೇ ದಿನಕ್ಕೆ ಎರಡು ಪತ್ರ ಓದಿಸಿದ್ದು ಆಗ ಮಾತ್ರ.

ಬಾಬುಸಾಬ ಹನ್ನೊಂದೂ ಹಾಳೆ ಕೊಟ್ಟರು. "ಅಕ್ಕಾಗ ಸಲಾಮ ಹೇಳು. ಬಾಬ್ಯಾ ಕೇಳ್ಯಾನ ಅನ್ನು" ಎಂದರು. ಅರವತ್ತು ಸೀರೆ ಮಡಚಲು ಲಾಡಬಿಯ ಜೊತೆ ಕೂತೆ. ಅವರು ಬ್ಯಾಡ ಅಂದರೂ ಮಡಚಿದೆ. ಕೈಗೆ ಕೆಲಸ ಇದ್ದದ್ದು ಒಳ್ಳೆಯದಿತ್ತು.

ಸೋಮವಾರ ಎರಡೂವರೆಗೆ ಅಕ್ಕೋರು ಬಂದು ಕೂತರು.

"ನೆಟ್ ಬಂತೇನು?"

"ನೆಟ್ ಹೋಗಿರಲಿಲ್ರಿ ಅಕ್ಕೋರ."

ಅವರು ಮುಖ ನನ್ನ ಕಡೆ ತಿರುಗಿಸಿದರು. ನಾನು ಹೇಳಿದೆ. ದೀಪಕ ಅವರ ಮುಂದೆ ಹೇಳಿದ್ದಕ್ಕಿಂತ ಕಡಿಮೆ ಮಾತಿನಲ್ಲಿ ಮುಗಿಯಿತು.

"ಎಷ್ಟು ಸಲ ಬಂದಿತ್ತು?"

"ಮೂರು ಸಲರಿ."

"ಮೂರೂ ಸಲ ಅಳಿಸಿದಿ."

"ಹೂಂರಿ."

"ಏನು ಬರೆದಿತ್ತು?"

"ಇಂಗ್ಲಿಷ್ ಇತ್ರಿ. ನನಗ ತಿಳೀಲಿಲ್ಲ. ಬುಕ್ಕಿನ್ಯಾಗ ಹೆಸರ ಇರಲಿಲ್ಲ."

"ನನ್ನ ಕೇಳ್ಬಾರದಿತ್ತೇನು?"

"ವಿಚಾರ ಮಾಡ್ಕೋತ ಕೂಡಬ್ಯಾಡ ಅಂದಿದ್ರಿ."

ಎದುರು ಮಾತು ಎಂದು ಆಡಿದ್ದಲ್ಲ. ಆದರೆ ಬಾಯಿಂದ ಹೊರಬಿದ್ದ ಮೇಲೆ ಹಾಗೇ ಕೇಳಿಸಿತು. ಹೊರಗೆ ನೀರಿನ ಬಂಬಿನ ಗಾಡಿ ಹೋಯಿತು, ಯಾರೋ ಕೊಡಗಳನ್ನು ಎಳೆದರು.

"ಬಾವಿದು?" ಎಂದು ಕೇಳಿದರು ಕೊನೆಗೆ.

"ಸಿಗಲಿಲ್ರಿ."

"ಮತ್ತ ಯಾವುದು ಸಿಕ್ಕಿತು?"

"ಪರೀಕ್ಷಾದ್ದು. ಒಂದ."

ಕೈ ಚಾಚಿದರು. ಹಾಳೆ ಕೊಟ್ಟೆ. ಅದನ್ನು ಕಣ್ಣಿನ ಹತ್ತಿರ ಒಯ್ಯಲಿಲ್ಲ. ಹೆಬ್ಬೆರಳಿನಿಂದ ಮಡಿಕೆಯ ಗೆರೆಗಳನ್ನು ಒಂದೊಂದಾಗಿ ಸವರಿದರು. ಮೂಸಿದರು. ಆಮೇಲೆ ನನ್ನ ಕಡೆ ಹಿಡಿದರು. ತಗೊಂಡೆ.

"ಇವತ್ತ ಹೋಗು" ಎಂದರು.

ನಾಳೆ ಬಾ ಎನ್ನಲಿಲ್ಲ. ಬರಬೇಡ ಎಂದೂ ಅನ್ನಲಿಲ್ಲ. ಸಂಜೆ ಅವ್ವನಿಗೆ ಹೇಳಿದೆ.

"ಬೈದಾರೇನು?" ಎಂದು ಕೇಳಿದಳು.

"ಇಲ್ಲ."

"ಅತ್ತಾರೇನು?"

"ಇಲ್ಲ."

"ಹಂಗಾರ ಬರಬ್ಯಾಡ ಅನ್ನೂತನ ಹೋಗು. ನೀನಾಗೇ ಬಿಟ್ಟರ ಅದೂ ಒಂದು ತಪ್ಪಾಕ್ಕೈತಿ."

ಮಂಗಳವಾರ ಹೋದೆ. ಬಾಗಿಲು ತೆರೆದಿತ್ತು. ಅಕ್ಕೋರಿಗೆ ಔಷಧ ತೆಗೆದುಕೊಟ್ಟೆ, ನುಂಗಿದರು. ಅನ್ನ, ಸಾರು ಬಡಿಸಿದೆ, ಉಂಡರು. ನಾನು ತಾಟು ತೊಳೆದಿಟ್ಟು ಎರಡೂವರೆಗೆ ಕಂಪ್ಯೂಟರಿನ ಮುಂದೆ ಕೂತೆ. ಬೇರೆ ಎಲ್ಲಿ ಕೂಡಬೇಕು ಎಂದು ಗೊತ್ತಿರಲಿಲ್ಲ. ಕಂಪ್ಯೂಟರ್ ಹಚ್ಚಲಿಲ್ಲ. ಅಕ್ಕೋರು ಬೆತ್ತದ ಕುರ್ಚಿಗೆ ಬರಲಿಲ್ಲ. ಅಡುಗೆಮನೆಯಲ್ಲೇ ಇದ್ದರು. ಡಬ್ಬಿ ತೆಗೆದು ಮುಚ್ಚುವ ಸಪ್ಪಳ ಬರುತ್ತಿತ್ತು. ಕಣ್ಣು ಕಾಣದಿದ್ದ ಮೇಲೆ ಅವರು ಅಲ್ಲಿ ಯಾವ ಕೆಲಸವನ್ನೂ ಮಾಡುತ್ತಿರಲಿಲ್ಲ.

ಎರಡೂ ಮುಕ್ಕಾಲಾಯಿತು.

ಚೀಲದಿಂದ ಹಾಳೆ ತೆಗೆದೆ. ಯಾರೂ ಓದು ಎಂದಿರಲಿಲ್ಲ. ಓದಿದೆ. ಅಡುಗೆಮನೆಗೆ ಕೇಳುವಷ್ಟು ದನಿಯಲ್ಲಿ, ಮೊದಲಿನಿಂದ. ದೊಡ್ಡ ಕಂಪನಿ, ಬದಲಾದ ವಿಳಾಸ, ಮುಟ್ಟಿದವರು ಒಂದು ಗೆರೆ ಬರೆಯಿರಿ. ಅಕ್ಕಾ, ನೀನೂ ಬರಿ ಎಂಬುದನ್ನು ಎರಡು ಸಲ ಓದಿದೆ. ಕೊನೆಯ ಗೆರೆಯನ್ನೂ ಓದಿದೆ.

ಡಬ್ಬಿಯ ಸಪ್ಪಳ ನಿಂತಿತು.

"ಮುಟ್ಟೇದ" ಎಂದರು ಅಕ್ಕೋರು, ಒಳಗಿನಿಂದ. ಜೋರಾಗಿಯೇ ಅಂದರು.

ಅದನ್ನು ಎಲ್ಲಿಯಾದರೂ ಬರೆಯಬೇಕೋ ಎಂದು ನಾನು ಕಾಯ್ದೆ. ಸ್ವಲ್ಪ ಹೊತ್ತಿಗೆ ಮತ್ತೆ ಡಬ್ಬಿಯ ಸಪ್ಪಳ ಬಂತು, ಆಮೇಲೆ ಚಹಾಪುಡಿ ಎಲ್ಲಿಟ್ಟಿದ್ದೀ ಎಂದು ಕೇಳಿದರು. ಎದ್ದೆ. ಕೈ ಬಿಟ್ಟೊಡನೆ ಹಾಳೆ ಸೀರೆಯಲ್ಲಿ ಬಿದ್ದ ಮಡಿಕೆಗಳ ಮೇಲೆ ತಾನೇ ಮಡಚಿಕೊಂಡು ಮೇಜಿನ ಮೇಲೆ ಕೂತಿತು.